ಗೋಡೆಯೊಳಗಿನ ಪೆಟ್ಟಿಗೆ: ಅಟ್ಲಾಂಟಾದ ಫಾಕ್ಸ್ ಥಿಯೇಟರೂ ಅದರ ಆರ್ಗನ್ನೂ

ಹೋದ ತಿಂಗಳು ಇಲ್ಲಿ ಅಟ್ಲಾಂಟಾದಲ್ಲಿ ನಮ್ಮ ಕನ್ನಡದವರ ಒಂದು ಸಣ್ಣ ಕೂಟದಲ್ಲಿ ಫಾಕ್ಸ್ ಥಿಯೇಟರ್ ಬಗ್ಗೆ ಮಾತಾಡಿದ್ದೆ. ಬರೋಕಾಗದೇ ಇದ್ದೋರು ಬರೆದು ಕೊಡಿ ಅಂತ ಕೇಳಿದ್ರು, ಹಾಗಾಗಿ ಅವತ್ತು ಆಡಿದ್ದನ್ನ ಹೆಚ್ಚುಕಮ್ಮಿ ಆಡಿದ ಹಾಗೇ ಇಟ್ಟಿದೀನಿ, ಮಧ್ಯೆ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಮೊದಲು ನಮ್ಮ ತಾತನ ಪೆಟ್ಟಿಗೆ ಬಗ್ಗೆ ಹೇಳ್ಬಿಡ್ತೀನಿ, ಆಮೇಲೆ ಫಾಕ್ಸ್ ಇರೋ ಪೀಚ್‌ಟ್ರೀ ಸ್ಟ್ರೀಟಿಗೆ ಬರೋಣ. ನಮ್ಮಮ್ಮನ ಅಪ್ಪ ಊರೂರು ಸುತ್ತೋ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸ್ತಿದ್ರು. ಕೈಯಲ್ಲಿ ತಿದಿ ಒತ್ತೋ ಹಾರ್ಮೋನಿಯಂ ಅಲ್ಲ, ಕಾಲಲ್ಲಿ ತುಳಿಯೋ ದೊಡ್ಡದು, ಇಲ್ಲಿ ಕೂತಿರೋ ಹಿರಿಯರಿಗೆ ಗೊತ್ತಿರತ್ತೆ, ಸ್ಟೇಜಿನ ಮುಂದೆ ತಗ್ಗಲ್ಲಿ ಇಟ್ಕೊಂಡು ಕೂರ್ತಿದ್ರಲ್ಲ, ಎರಡು ಕೈಯೂ ಕೀಲಿಮನೆ ಮೇಲೆ, ಎರಡು ಕಾಲೂ ತುಳಿತಾನೇ ಇರ್ಬೇಕು, ಕಣ್ಣು ಮಾತ್ರ ಸ್ಟೇಜ್ ಮೇಲಿನ ಪಾತ್ರಧಾರಿ ಬಾಯಿ ಮೇಲೆ. ಪಾತ್ರಧಾರಿ ಮಾತು ಮರೆತ್ರೆ ಪೆಟ್ಟಿಗೆ ತುಂಬ್ಕೊಡತ್ತೆ, ಪಾತ್ರ ಅತ್ರೆ ಪೆಟ್ಟಿಗೆ ಅಳತ್ತೆ. ತಾತ ಅದನ್ನ ಬಿಡುವಿದ್ದಾಗ ಬಿಚ್ಚಿ ಹರಡ್ಕೊಂಡು ಕೂತಿರೋದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಒಳಗಿನ ಚರ್ಮ ಬಿರುಕು ಬಿಟ್ಟಿದ್ರೆ ಮೇಕೆ ಚರ್ಮದ ತುಂಡನ್ನ ಅಳತೆಗೆ ಕತ್ತರಿಸಿ, ಬಿಸಿ ಅಂಟು ಸವರಿ, ಹೆಬ್ಬೆರಳಲ್ಲಿ ತೀಡಿ ತೀಡಿ ಕೂರಿಸೋರು. "ಇದಕ್ಕೆ ಉಸಿರು ಹೋಗಬಾರದು ಕಣೋ ಮಗಾ" ಅನ್ನೋರು. ಈ ಚರ್ಮ ಮತ್ತು ಉಸಿರಿನ ವಿಷ್ಯ ನೆನಪಿಟ್ಕೊಳಿ, ಇವತ್ತಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ಈಗ ಫಾಕ್ಸ್. ನಮ್ಮಲ್ಲಿ ತುಂಬಾ ಜನ ಅಲ್ಲಿಗೆ ಮಕ್ಕಳನ್ನ ಕರ್ಕೊಂಡು ಯಾವುದೋ ಮ್ಯೂಸಿಕಲ್ ನೋಡೋಕೆ ಹೋಗಿರ್ತೀರಿ. ಹೊರಗಿಂದ ನೋಡಿದ್ರೆ ಗುಮ್ಮಟ, ಮಿನಾರು, ಪಟ್ಟೆ ಪಟ್ಟೆ ಇಟ್ಟಿಗೆ, ಅಮೆರಿಕದ ದಕ್ಷಿಣದ ಒಂದು ಊರಿನ ಮಧ್ಯೆ ಇದೇನು ಮಸೀದಿ ಅಂತ ನಾನು ಬಂದ ಹೊಸದ್ರಲ್ಲಿ ನಿಂತು ನೋಡಿದ್ದುಂಟು. ಅದು ಮಸೀದಿ ಅಲ್ಲ, ಥಿಯೇಟರ್ ಅಂತ ಶುರುವಾಗಿದ್ದೂ ಅಲ್ಲ. ಶ್ರೈನರ್ಸ್ ಅಂತ ಒಂದು ಸಂಘ ಇದೆ, ಕೆಂಪು ಟೋಪಿ ಹಾಕ್ಕೊಂಡು ಮೆರವಣಿಗೆ ಹೋಗ್ತಾರೆ, ಮಕ್ಕಳ ಆಸ್ಪತ್ರೆಗಳನ್ನ ನಡೆಸ್ತಾರೆ, ಅವರ ಅಟ್ಲಾಂಟಾ ಶಾಖೆ ಹೆಸರು ಯಾರಾಬ್ ಟೆಂಪಲ್. ಅವರ ವೇಷ, ಹೆಸರು ಎಲ್ಲಾನೂ ಅರಬ್ ದೇಶದ ಕಲ್ಪನೆಯಿಂದ ತಗೊಂಡಿದ್ದು, ಹಾಗಾಗಿ 1920ರ ದಶಕದಲ್ಲಿ ತಮ್ಮ ಹೆಡ್‌ಕ್ವಾರ್ಟರ್ಸ್ ಕಟ್ಟೋಕೆ ಹೊರಟಾಗ ಅದೇ ಶೈಲಿ ಬೇಕು ಅಂದ್ರು. ಜೊತೆಗೆ 1922ರಲ್ಲಿ ಈಜಿಪ್ಟಲ್ಲಿ ಟುಟಾಂಖಮನ್ ಸಮಾಧಿ ಸಿಕ್ಕಿತ್ತಲ್ಲ, ಅಮೆರಿಕದ ತುಂಬಾ ಈಜಿಪ್ಟಿನ ಹುಚ್ಚು, ಅದಕ್ಕೇ ಒಳಗೊಂದು ಈಜಿಪ್ಷಿಯನ್ ಬಾಲ್‌ರೂಮೂ ಬಂತು. ಖರ್ಚು ಕೈ ಮೀರಿ ಹೋಯ್ತು. ಆಗ ಸಂಘದವರು ಸಿನಿಮಾ ದೊರೆ ವಿಲಿಯಂ ಫಾಕ್ಸ್ ಜೊತೆ ಮಾತಾಡಿ ದೊಡ್ಡ ಸಭಾಂಗಣವನ್ನ ಲೀಸಿಗೆ ಕೊಟ್ರು. ಹೆಸರು ಬಂದಿದ್ದು ಅಲ್ಲಿಂದ.

ಒಳಗೆ ಕೂತ್ರೆ ಹೇಗಿರತ್ತೆ ಅಂದ್ರೆ, ಅರಬ್ ಊರಿನ ಕೋಟೆ ಅಂಗಳದಲ್ಲಿ ರಾತ್ರಿ ಕೂತ ಹಾಗೆ. ಸುತ್ತ ಕೋಟೆ ಗೋಡೆ, ಮೇಲೆ ಕಡುನೀಲಿ ಆಕಾಶ, ಅದರಲ್ಲಿ 96 ನಕ್ಷತ್ರ. ಒಂದೊಂದು ನಕ್ಷತ್ರವೂ ಒಂದು ಸ್ಫಟಿಕದ ತುಂಡು, ಹಿಂದೆ ಒಂದು ಪುಟ್ಟ ಬಲ್ಬು, ಕೆಲವು ಮಿನುಗ್ತವೆ, ಕೆಲವು ಮಿನುಗಲ್ಲ, ನಿಜವಾದ ಆಕಾಶದ ಹಾಗೇನೇ. ಬಾಲ್ಕನಿ ಮೇಲೆ ಒಂದು ದೊಡ್ಡ ಪಟ್ಟೆ ಪಟ್ಟೆ ಡೇರೆ ಚಾಚಿಕೊಂಡಿದೆ, ನೋಡಿದ್ರೆ ಬಟ್ಟೆ ಅಂತಾನೇ ಅನ್ಸತ್ತೆ, ಮಡಿಕೆ ಎಲ್ಲಾ ಇದೆ. ಅದು ಪ್ಲಾಸ್ಟರ್, ಒಳಗೆ ಕಬ್ಬಿಣದ ಸರಳು. ಅಷ್ಟು ಹಿಂದೆ ಕೂತೋರಿಗೂ ಸ್ಟೇಜಿನ ಸದ್ದು ತಲುಪೋದ್ರಲ್ಲಿ ಅದರ ಪಾಲೂ ಇದೆ. 4,600ಕ್ಕೂ ಹೆಚ್ಚು ಸೀಟು ಸ್ವಾಮಿ, ಮಲ್ಟಿಪ್ಲೆಕ್ಸಿನ ಒಂದೊಂದು ಹಾಲಲ್ಲಿ 200, 300 ಸೀಟು ನೋಡಿ ಅಭ್ಯಾಸ ಆಗಿರೋ ನಮ್ಮ ಮಕ್ಕಳಿಗೆ ಅದು ಸ್ಟೇಡಿಯಂ ಥರ ಕಾಣತ್ತೆ.

1929ನೇ ಇಸವಿ ಡಿಸೆಂಬರ್ 25, ಕ್ರಿಸ್‌ಮಸ್ ದಿನ ಬಾಗಿಲು ತೆರೆದ್ರು. ಇಸವಿ ಗಮನಿಸಿ. ಎರಡು ತಿಂಗಳ ಹಿಂದೆ ಅಕ್ಟೋಬರಲ್ಲಿ ಷೇರು ಮಾರ್ಕೆಟ್ ಬಿದ್ದು ದೇಶವೇ ಕುಸಿತಾ ಇತ್ತು. ಇನ್ನೊಂದು ವಿಷ್ಯ, ಮಾತಾಡೋ ಸಿನಿಮಾ ಬಂದು ಆಗಲೇ ಎರಡು ವರ್ಷ ಆಗಿತ್ತು. ಮೊದಲನೇ ದಿನ ಈ ಥಿಯೇಟರಲ್ಲೇ ಸದ್ದಿರೋ ಮಿಕ್ಕಿ ಮೌಸ್ ಕಾರ್ಟೂನ್ ತೋರಿಸಿದ್ರು! ಅಂದ್ರೆ ಮೂಕಿ ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಡೋಕೆ ಅಂತ ಹುಟ್ಟಿದ ಆರ್ಗನ್ನನ್ನ, ಮೂಕಿ ಸಿನಿಮಾ ಕಾಲ ಮುಗಿತಾ ಇರೋವಾಗ, ಅದೂ ಅಷ್ಟು ದೊಡ್ಡದನ್ನ ತಂದು ಕೂರಿಸಿದ್ರು. ನನಗೆ ಈ ಕಥೆಯಲ್ಲಿ ಮೊದಲು ಮನಸ್ಸಿಗೆ ನಾಟಿದ್ದೇ ಇದು.

ಆರ್ಗನ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಾವು ಪೆಟ್ಟಿಗೆಯೋರು, ನಮಗೆ ಬೇಗ ಅರ್ಥ ಆಗತ್ತೆ. ಹಾರ್ಮೋನಿಯಂನಲ್ಲಿ ಗಾಳಿ ಹೋಗಿ ಹಿತ್ತಾಳೆ ಪಟ್ಟಿಯನ್ನ ಅಲುಗಿಸತ್ತೆ, ಪೈಪ್ ಆರ್ಗನ್‌ನಲ್ಲಿ ಗಾಳಿ ಹೋಗಿ ಕೊಳಲನ್ನ ಊದತ್ತೆ. ಒಂದೊಂದು ಸ್ವರಕ್ಕೆ ಒಂದೊಂದು ಕೊಳಲು. ಒಂದೇ ದನಿಯ ಕೊಳಲುಗಳ ಒಂದು ಸಾಲಿಗೆ ರ‍್ಯಾಂಕ್ ಅಂತಾರೆ, ಕೊಳಲಿನ ದನಿಗೆ ಒಂದು ಸಾಲು, ಪಿಟೀಲಿನ ದನಿಗೆ ಒಂದು, ಕಹಳೆಗೆ ಒಂದು, ಮನುಷ್ಯರ ಗಂಟಲಿನ ಹಾಗೆ ಕೇಳಿಸೋದಕ್ಕೂ ಒಂದಿದೆ, ಅದಕ್ಕೆ ಲ್ಯಾಟಿನ್ನಲ್ಲಿ ವೋಕ್ಸ್ ಹ್ಯುಮಾನಾ, ಮನುಷ್ಯನ ದನಿ ಅಂತಾನೇ ಹೆಸರು. ಫಾಕ್ಸ್‌ನಲ್ಲಿರೋದು 42 ಸಾಲು, ಒಟ್ಟು 3,622 ಕೊಳಲು. ಅತೀ ದೊಡ್ಡದು ಒಳಗೆ ಒಬ್ಬ ಮನುಷ್ಯ ನಿಲ್ಲೋ ಅಷ್ಟು, ಉದ್ದ 32 ಅಡಿ. ಅತೀ ಸಣ್ಣದು ಬಾಲ್ ಪೆನ್ನಿನಷ್ಟು. ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಅನ್ನೋ ಊರಲ್ಲಿ ಎಂ.ಪಿ. ಮೋಲರ್ ಅಂತ ಕಂಪನಿ ಇತ್ತು, ಚರ್ಚುಗಳಿಗೆ ಆರ್ಗನ್ ಮಾಡೋದ್ರಲ್ಲಿ ಬಹಳ ಹೆಸರು ಮಾಡಿದ್ದೋರು, ಇದು ಅವರ ಕೆಲಸ. ಅದಕ್ಕೇ ಊರಿನವರು ಪ್ರೀತಿಯಿಂದ ಮೈಟಿ ಮೋ ಅಂತಾರೆ. ಅಮೆರಿಕದಲ್ಲಿ ಥಿಯೇಟರಿಗೇ ಅಂತ ಮಾಡಿ ಈಗಲೂ ಅದೇ ಥಿಯೇಟರಲ್ಲಿರೋ ಆರ್ಗನ್ನುಗಳಲ್ಲಿ ದೊಡ್ಡದು ಅಂದ್ರೆ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿಂದು ಮೊದಲನೇದು, ಇದು ಎರಡನೇದು.

ನೀವು ಥಿಯೇಟರಲ್ಲಿ ಕಾಣೋದು ಬರೀ ಕನ್ಸೋಲ್, ಅಂದ್ರೆ ನುಡಿಸೋ ಜಾಗ, ನಾಲ್ಕು ಮೆಟ್ಟಿಲಾಗಿ ನಾಲ್ಕು ಕೀಬೋರ್ಡು, ಕೆಳಗೆ ಕಾಲಿಗೆ ಮರದ ಪೆಡಲ್ಲು, ಸುತ್ತ ಕುದುರೆ ಲಾಳದ ಆಕಾರದಲ್ಲಿ ಬಣ್ಣ ಬಣ್ಣದ ನಾಲಿಗೆಯಂಥ ಸ್ಟಾಪುಗಳು, ಅಂದ್ರೆ ಯಾವ ಸಾಲು ಊದಬೇಕು ಅಂತ ಆರಿಸೋ ಸ್ವಿಚ್ಚುಗಳು. ಲಿಫ್ಟ್ ಮೇಲೆ ತಗ್ಗಿನಿಂದ ಮೇಲೆ ಏಳತ್ತೆ. ಕೊಳಲುಗಳು ಕಾಣಲ್ಲ, ಅವು ಅಕ್ಕಪಕ್ಕದ ಗೋಡೆಗಳ ಹಿಂದೆ ಕೋಣೆಗಳಲ್ಲಿ ಕಾಡಿನ ಹಾಗೆ ನಿಂತಿವೆ. ಆ ಕೋಣೆಗಳ ಮುಂದೆ ಮರದ ಪಟ್ಟಿಗಳ ಬಾಗಿಲು, ನುಡಿಸೋರು ಕಾಲಲ್ಲಿ ಒತ್ತಿದ್ರೆ ಪಟ್ಟಿಗಳು ಬಾಯಿ ತೆರೀತವೆ, ಸದ್ದು ಸಭಾಂಗಣಕ್ಕೆ ನುಗ್ಗತ್ತೆ, ಬಿಟ್ರೆ ಮುಚ್ಕೊಂಡು ದೂರದಿಂದ ಕೇಳಿಸತ್ತೆ. ಥಿಯೇಟರ್ ಆರ್ಗನ್ ಅಂದ್ರೆ ಕೊಳಲುಗಳ ಜೊತೆಗೆ ನಿಜವಾದ ಡ್ರಮ್ಮು, ತಾಳ, ಗಂಟೆ, ಹಕ್ಕಿ ಸಿಳ್ಳೆ, ಕುದುರೆ ಗೊರಸಿನ ಸದ್ದು ಎಲ್ಲಾ ಇರತ್ತೆ, ಮೂಕಿ ಸಿನಿಮಾದಲ್ಲಿ ಕುದುರೆ ಓಡಿದ್ರೆ ಕುದುರೆ ಸದ್ದು ಬೇಕಲ್ಲ! ನಮ್ಮ ಕಡೆ ಟೆಂಟ್‌ನಲ್ಲಿ ಮೂಕಿ ಓಡಿಸ್ತಿದ್ದ ಕಾಲದಲ್ಲಿ ಪರದೆ ಪಕ್ಕ ಹಾರ್ಮೋನಿಯಂ, ತಬಲಾ ಇಟ್ಕೊಂಡು ಕೂರ್ತಿದ್ರು, ಕೆಲಸ ಅದೇ. ಇಲ್ಲಿಯೋರು ವಾದ್ಯವೃಂದದ ಸಂಬಳ ಉಳಿಸೋಕೆ ಒಬ್ಬ ಮನುಷ್ಯನ ಕೈ ಕೆಳಗೆ ಅದನ್ನೆಲ್ಲ ತಂದು ಇಟ್ರು.

ಈಗ ಚರ್ಮದ ವಿಷ್ಯಕ್ಕೆ ಬರ್ತೀನಿ. ಕೀಲಿ ಒತ್ತಿದ ತಕ್ಷಣ ಕೊಳಲು ಊದೋದು ಹೇಗೆ? ಕನ್ಸೋಲ್ ಎಲ್ಲೋ, ಕೊಳಲು ಎಲ್ಲೋ. ಕೀಲಿ ಕೆಳಗೆ ಒಂದು ಎಲೆಕ್ಟ್ರಿಕ್ ಕಾಂಟ್ಯಾಕ್ಟ್, ಅಲ್ಲಿಂದ ತಂತಿ, ತಂತಿ ಹೋಗಿ ಒಂದು ಸಣ್ಣ ಮ್ಯಾಗ್ನೆಟ್ಟಿಗೆ ಸೇರತ್ತೆ, ಮ್ಯಾಗ್ನೆಟ್ ಒಂದು ಪುಟ್ಟ ರಂಧ್ರ ತೆರೆಯತ್ತೆ, ಆಗ ಒಂದು ಚರ್ಮದ ಚೀಲದಲ್ಲಿರೋ ಗಾಳಿ ಹೊರಗೆ ಹೋಗಿ ಚೀಲ ಕುಸಿಯತ್ತೆ, ಕುಸಿದ ಚೀಲ ಕವಾಟ ಎಳೆಯತ್ತೆ, ಗಾಳಿ ಕೊಳಲಿಗೆ ನುಗ್ಗತ್ತೆ. ಇಷ್ಟೂ ಕಣ್ಣು ಮಿಟುಕಿಸೋದ್ರೊಳಗೆ. ಇಂಥ ಚರ್ಮದ ಚೀಲಗಳು ಒಂದು ದೊಡ್ಡ ಆರ್ಗನ್ನಲ್ಲಿ ಸಾವಿರಾರು. ಕೆಲವು ದಶಕ ಆದ್ಮೇಲೆ ಚರ್ಮ ಒಣಗಿ ಬಿರುಕು ಬಿಡತ್ತೆ, ಗಾಳಿ ಸೋರತ್ತೆ, ಒಂದೊಂದೇ ಸ್ವರ ಮೂಕ ಆಗ್ತಾ ಹೋಗತ್ತೆ. ತಾತ ಹೇಳ್ತಿದ್ರಲ್ಲ, ಉಸಿರು ಹೋಗೋದು.

ಈ ವಿದ್ಯುತ್ ವಿದ್ಯೆಯನ್ನ ಆರ್ಗನ್ನಿಗೆ ಗಟ್ಟಿಯಾಗಿ ತಂದೋರಲ್ಲಿ ಮುಖ್ಯ ಒಬ್ಬ ಇಂಗ್ಲಿಷಿನವನು, ರಾಬರ್ಟ್ ಹೋಪ್-ಜೋನ್ಸ್. ಅವನ ಕಸುಬು ಏನು ಗೊತ್ತಾ? ಟೆಲಿಫೋನ್ ಎಂಜಿನಿಯರ್. ಫೋನಲ್ಲಿ ತಂತಿ, ಸ್ವಿಚ್ಚು, ಎಕ್ಸ್‌ಚೇಂಜು ಇರೋ ಹಾಗೇ ಒಂದೇ ಕೊಳಲಿನ ಸಾಲನ್ನ ಬೇರೆ ಬೇರೆ ಕೀಬೋರ್ಡಿಗೆ ಜೋಡಿಸಬಹುದಲ್ಲ ಅಂತ ಅವನ ಯೋಚನೆ. ಅಮೆರಿಕಕ್ಕೆ ಬಂದ, 1910ರಲ್ಲಿ ವುರ್ಲಿಟ್ಜರ್ ಕಂಪನಿ ಸೇರ್ಕೊಂಡ, ಅಲ್ಲಿ ಅವನಿಗೆ ಕೆಲಸ ಮಾಡೋಕೇ ಬಿಡಲಿಲ್ಲ ಅನ್ನೋ ಕೊರಗಲ್ಲಿ 1914ರಲ್ಲಿ ಪ್ರಾಣ ಕಳ್ಕೊಂಡ. ಅವನು ಹಾಕಿದ ದಾರಿಯಲ್ಲೇ ಆಮೇಲೆ ಥಿಯೇಟರ್ ಆರ್ಗನ್ ಮಾಡೋ ಎಲ್ಲ ಕಂಪನಿಗಳೂ ನಡೆದ್ವು. ಟೆಲಿಫೋನ್ ಅಂದಿದ್ದನ್ನೂ ನೆನಪಲ್ಲಿಟ್ಕೊಳಿ, ಅದು ಮತ್ತೆ ಬರತ್ತೆ.

ಬಾಗಿಲು ತೆರೆದು 125 ವಾರಕ್ಕೆ ಥಿಯೇಟರ್ ಮುಚ್ಚಿತು. ವಿಲಿಯಂ ಫಾಕ್ಸೂ ಅಷ್ಟೊತ್ತಿಗೆ ತನ್ನ ಕಂಪನಿ ಕಳ್ಕೊಂಡಿದ್ದ, ಶ್ರೈನರ್ಸ್ ಕೈಲೂ ದುಡ್ಡಿರಲಿಲ್ಲ. 1930ರ ದಶಕದ ಮಧ್ಯದಲ್ಲಿ ಬೇರೆಯೋರ ಕೈಗೆ ಹೋಗಿ ಮತ್ತೆ ಶುರುವಾಯ್ತು, ಚೆನ್ನಾಗೂ ನಡೀತು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ವರ್ಷ ವರ್ಷ ಬಂದು ಒಂದು ವಾರ ಇಲ್ಲಿ ಹಾಡ್ತಿತ್ತು.

ಆದ್ರೆ ಚೆನ್ನಾಗಿ ನಡೀತು ಅಂದಾಗ ಯಾರಿಗೆ ಅಂತಲೂ ಹೇಳ್ಬೇಕು, ಇಲ್ಲಾಂದ್ರೆ ಈ ಕಥೆ ಅರ್ಧ ಸುಳ್ಳಾಗತ್ತೆ. ಕಪ್ಪು ಜನಕ್ಕೆ ಮುಂಬಾಗಿಲಿಲ್ಲ. ಅವರಿಗೆ ಬೇರೆ ಟಿಕೆಟ್ ಕಿಟಕಿ, ಕಟ್ಟಡದ ಹೊರಗಿಂದ ಮೇಲೆ ಹೋಗೋ ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ಎಲ್ಲಕ್ಕಿಂತ ಹಿಂದೆ ಗ್ಯಾಲರಿ, ಅದಕ್ಕೂ ಮುಂದಿನ ಸೀಟುಗಳಿಗೂ ಮಧ್ಯೆ ಒಂದು ಅಡ್ಡಗೋಡೆ. 1960ರ ದಶಕದ ಶುರುವಿನ ತನಕ ಹಾಗೇ ಇತ್ತು. ಇದೇ ಊರಲ್ಲಿ ಲೋಸ್ ಗ್ರ್ಯಾಂಡ್ ಅಂತ ಇನ್ನೊಂದು ಥಿಯೇಟರ್ ಇತ್ತು, 1939ರ ಡಿಸೆಂಬರಲ್ಲಿ ಗಾನ್ ವಿತ್ ದಿ ವಿಂಡ್ ಮೊದಲ ಪ್ರದರ್ಶನ ಅಲ್ಲೇ ಆಗಿದ್ದು, ಆ ಸಿನಿಮಾದಲ್ಲಿ ಪಾರ್ಟು ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಆ ಪ್ರದರ್ಶನಕ್ಕೆ ಬರೋ ಹಾಗಿರಲಿಲ್ಲ, ಕಪ್ಪು ಹೆಂಗಸು ಅನ್ನೋ ಒಂದೇ ಕಾರಣಕ್ಕೆ. ಆಮೇಲೆ ಆಕೆಗೆ ಅದೇ ಪಾತ್ರಕ್ಕೆ ಆಸ್ಕರ್ ಬಂತು. ದೇವಸ್ಥಾನದ ಹೊರಗೆ ನಿಲ್ಲಿಸಿದ ಜನರ ಕಥೆ ಕೇಳ್ಕೊಂಡು ಬೆಳೆದ ನಮಗೆ ಆ ಮೆಟ್ಟಿಲು ಏನು ಹೇಳತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಆ 96 ನಕ್ಷತ್ರ ಎಲ್ಲರಿಗಿಂತ ಹತ್ತಿರದಿಂದ ಕಂಡಿದ್ದು ಆ ಗ್ಯಾಲರಿಯಲ್ಲಿ ಕೂತೋರಿಗೆ.

1950ರ ದಶಕದಲ್ಲಿ ಟಿವಿ ಬಂತು, ಜನ ಊರ ಹೊರಗಿನ ಬಡಾವಣೆಗಳಿಗೆ ಹೋದ್ರು, ಡೌನ್‌ಟೌನ್ ಥಿಯೇಟರುಗಳು ಬಡವಾದ್ವು. ಆರ್ಗನ್ ಮೂಕ ಆಯ್ತು. ಯಾರೂ ಅದನ್ನ ಕೆಡಿಸಲಿಲ್ಲ, ಮುಟ್ಟದೇ ಬಿಟ್ರು ಅಷ್ಟೇ. ಎಷ್ಟೋ ಊರುಗಳಲ್ಲಿ ಈ ಕಾಲಕ್ಕೆ ಆರ್ಗನ್ನನ್ನ ಬಿಚ್ಚಿ ಕೊಳಲುಗಳನ್ನ ಮಾರಿದ್ರು, ಕೆಲವು ಚರ್ಚಿಗೆ ಹೋದ್ವು, ಕೆಲವು ಪಿಜ್ಜಾ ಅಂಗಡಿಗೂ ಹೋದ್ವು, ಇನ್ನೂ ಎಷ್ಟೋ ಸೀಸ ತವರದ ಗುಜರಿ ಬೆಲೆಗೆ ಕರಗಿ ಹೋದ್ವು.

ಇಲ್ಲಿ ಜೋ ಪ್ಯಾಟನ್ ಬರ್ತಾರೆ. ಕಸುಬು ಎಕ್ಸ್‌ರೇ ಮೆಷಿನ್ ರಿಪೇರಿ, ಹುಚ್ಚು ಆರ್ಗನ್ನಿಂದು. 1960ರ ದಶಕದ ಮೊದಲಲ್ಲಿ ಥಿಯೇಟರ್ ಮ್ಯಾನೇಜರ್ ಹತ್ರ ಹೋಗಿ, ಇದನ್ನ ನಾನು ಸರಿ ಮಾಡ್ತೀನಿ, ಬಿಡಿ ಅಂತ ಕೇಳಿದ್ರು. ಹಗಲು ಎಲ್ಲಾ ತನ್ನ ಕೆಲಸ, ರಾತ್ರಿ ಕೊನೇ ಆಟ ಮುಗಿದು ಜನ ಮನೆಗೆ ಹೋದ್ಮೇಲೆ ಸ್ನೇಹಿತರ ಜೊತೆ ಒಳಗೆ. ಟಾರ್ಚ್ ಹಿಡ್ಕೊಂಡು ಗೋಡೆ ಹಿಂದಿನ ಕೋಣೆಗಳಲ್ಲಿ, ಏಣಿ ಮೇಲೆ, ಕೊಳಲಿನ ಸಂದಿಯಲ್ಲಿ ಮೈ ತೂರಿಸಿಕೊಂಡು. ಸಾವಿರಾರು ಕೊಳಲು, ತಂತಿ, ಮ್ಯಾಗ್ನೆಟ್ಟು, ಚರ್ಮ. ಬೆಳಿಗ್ಗೆ ಎದ್ದು ಮತ್ತೆ ಆಸ್ಪತ್ರೆಗಳಿಗೆ ಎಕ್ಸ್‌ರೇ ಮೆಷಿನ್ ನೋಡೋಕೆ ಹೋಗ್ಬೇಕು. ನಾನು ನಮ್ಮ ತಾತನನ್ನ ಅಷ್ಟು ಹತ್ತಿರದಿಂದ ನೋಡಿದ್ದಕ್ಕೋ ಏನೋ, ಆ ರಾತ್ರಿಗಳನ್ನ ಯೋಚನೆ ಮಾಡಿದ್ರೆ ನನಗೆ ಕೈ ಕಾಣ್ತವೆ, ಮುಖ ಕಾಣಲ್ಲ. 1963ರಲ್ಲಿ ಆರ್ಗನ್ ಮತ್ತೆ ಉಸಿರಾಡ್ತು. ಅಟ್ಲಾಂಟಾದ ಡಬ್ಲ್ಯೂಎಸ್‌ಬಿ ಅನ್ನೋ ರೇಡಿಯೋ ಸ್ಟೇಷನ್ನಿನ ಬಾಬ್ ವ್ಯಾನ್ ಕ್ಯಾಂಪ್ ಅನ್ನೋರು ನುಡಿಸೋಕೆ ಕೂತ್ರು, ಊರಿಗೆಲ್ಲ ಗೊತ್ತಿದ್ದ ದನಿ ಅವರದು, ಈಗ ಆ ಮನುಷ್ಯನ ಕೈಯಲ್ಲಿ ಊರಿನ ಆರ್ಗನ್.

ಇದನ್ನ ಯಾಕೆ ಇಷ್ಟು ನಿಧಾನಕ್ಕೆ ಹೇಳ್ತಿದೀನಿ ಅಂದ್ರೆ, ಫಾಕ್ಸ್ ಉಳಿದಿದ್ದು 1975ರಲ್ಲಿ ಅಂತ ಎಲ್ಲ ಕಡೆ ಬರೀತಾರೆ, ನನ್ನ ಪ್ರಕಾರ ಅದು ಉಳಿದಿದ್ದು 1963ರಲ್ಲೇ. ಕೆಡವ್ತೀವಿ ಅಂತ ಯಾರೂ ಹೇಳೋಕ್ಕಿಂತ 11 ವರ್ಷ ಮುಂಚೆ.

1974ರಲ್ಲಿ ಸದರ್ನ್ ಬೆಲ್ ಅನ್ನೋ ಟೆಲಿಫೋನ್ ಕಂಪನಿ ಆ ಜಾಗ ತಗೊಂಡು ತನ್ನ ದೊಡ್ಡ ಆಫೀಸ್ ಕಟ್ಟಡ ಕಟ್ತೀವಿ ಅಂತ ಮುಂದೆ ಬಂತು. ಹೇಳಿದ್ನಲ್ಲ, ಟೆಲಿಫೋನ್ ಮತ್ತೆ ಬರತ್ತೆ ಅಂತ. ಟೆಲಿಫೋನ್ ತಂತಿಯ ವಿದ್ಯೆಯಿಂದ ದನಿ ಪಡೆದ ವಾದ್ಯ ಇರೋ ಕಟ್ಟಡ ಈಗ ಟೆಲಿಫೋನ್ ಆಫೀಸಿಗೆ ಜಾಗ ಬಿಡಬೇಕು. ಥಿಯೇಟರ್ ಅಷ್ಟೊತ್ತಿಗೆ ಸೊರಗಿತ್ತು, ಬರೋ ಜನ ಕಮ್ಮಿ, 1975ರ ಜನವರಿಯಲ್ಲಿ ಸಿನಿಮಾ ಓಡೋದು ನಿಂತೇ ಹೋಯ್ತು. ಆದ್ರೆ ಊರು ಸುಮ್ಮನಿರಲಿಲ್ಲ. ಸೇವ್ ದ ಫಾಕ್ಸ್ ಅಂತ ಬೀದಿಗೆ ಬಂದ್ರು, ಸಹಿ ಸಂಗ್ರಹ ಮಾಡಿದ್ರು, ಪೇಪರಿಗೆ ಬರೆದ್ರು. ಆಗಿನ ಮೇಯರ್ ಮೇನಾರ್ಡ್ ಜ್ಯಾಕ್ಸನ್, ಅಟ್ಲಾಂಟಾದ ಮೊದಲ ಕಪ್ಪು ಮೇಯರ್, 1974ರಲ್ಲೇ ಅಧಿಕಾರಕ್ಕೆ ಬಂದಿದ್ದೋರು, ಅವರ ಆಡಳಿತ ಕೆಡವೋ ಪರ್ಮಿಟ್ ತಡೆಹಿಡಿದು ಈ ಜನಕ್ಕೆ ಸ್ವಲ್ಪ ಕಾಲಾವಕಾಶ ಸಿಗೋ ಹಾಗೆ ಮಾಡ್ತು. ಆ ಹೊರಗಿನ ಮೆಟ್ಟಿಲನ್ನ ನೆನೆಸ್ಕೊಂಡ್ರೆ, ಈ ಒಂದು ಸಂಗತಿ ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸತ್ತೆ.

ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಅಂತ ಲಾಭದ ಆಸೆ ಇಲ್ಲದ ಒಂದು ಸಂಸ್ಥೆ ಹುಟ್ಟಿತು. ಅದನ್ನ ಕಟ್ಟಿದೋರಲ್ಲಿ ಜೋ ಪ್ಯಾಟನ್ ಒಬ್ಬರು. ಬೇರೆಯೋರಿಗೆ ಅದು ಸುಂದರವಾದ ಹಳೇ ಕಟ್ಟಡ, ಅವರಿಗೆ ಮಾತ್ರ ಯಾವ ಗೋಡೆ ಹಿಂದೆ ಯಾವ ತಂತಿ, ಎಲ್ಲಿ ನೀರು ಸೋರತ್ತೆ, ಯಾವ ಏಣಿ ಯಾವ ಅಟ್ಟಕ್ಕೆ ಹೋಗತ್ತೆ ಅನ್ನೋದೆಲ್ಲ ಗೊತ್ತು, ಹತ್ತು ವರ್ಷದಿಂದ ಆರ್ಗನ್ ನೆಪದಲ್ಲಿ ಅದರ ಹೊಟ್ಟೆಯೊಳಗೇ ಓಡಾಡಿದೋರು. ಸಂಸ್ಥೆಯೋರು ಒಂದು ಬುದ್ಧಿವಂತಿಕೆ ಮಾಡಿದ್ರು, ಟೆಲಿಫೋನ್ ಕಂಪನಿ ಜೊತೆ ಜಗಳಕ್ಕೆ ನಿಲ್ಲಲಿಲ್ಲ, ಥಿಯೇಟರ್ ಹಿಂದಿನ, ಪಕ್ಕದ ಜಾಗಗಳನ್ನ ಒಟ್ಟು ಮಾಡಿಕೊಟ್ಟು ಅದಲುಬದಲು ಮಾಡ್ಕೊಂಡ್ರು. ಕಂಪನಿಗೆ ಅದರ ಗೋಪುರ ಬಂತು, ಈಗಲೂ ನೀವು ಮಾರ್ಟಾ ರೈಲಲ್ಲಿ ನಾರ್ತ್ ಅವೆನ್ಯೂ ಸ್ಟೇಷನ್ನಲ್ಲಿ ಇಳಿದ್ರೆ ಆ ಗೋಪುರ ಪಕ್ಕದಲ್ಲೇ ಇದೆ. ಸಂಸ್ಥೆ ಬ್ಯಾಂಕುಗಳಿಂದ 18 ಲಕ್ಷ ಡಾಲರ್ ಸಾಲ ಎತ್ತಿ 1975ರ ಜೂನಲ್ಲಿ ಥಿಯೇಟರ್ ಕೈಗೆ ತಗೊಂಡ್ತು, ಸಂಗೀತ ಕಾರ್ಯಕ್ರಮ ಮಾಡಿ, ಚಂದಾ ಎತ್ತಿ, 1978ಕ್ಕೆ ಸಾಲ ತೀರಿಸಿತು. 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಅಂತ ಮನ್ನಣೆ ಸಿಕ್ತು.

ಅದೇ 1978ರಲ್ಲಿ ಲೋಸ್ ಗ್ರ್ಯಾಂಡ್‌ಗೆ ಬೆಂಕಿ ಬಿತ್ತು, ಆಮೇಲೆ ಅದನ್ನ ಕೆಡವಿದ್ರು. ಅಷ್ಟು ದೊಡ್ಡ ಪ್ರೀಮಿಯರ್ ನಡೆದಿದ್ದ ಜಾಗದಲ್ಲಿ ಈಗ ಜಾರ್ಜಿಯಾ-ಪೆಸಿಫಿಕ್ ಕಂಪನಿ ಗೋಪುರ ನಿಂತಿದೆ.

ಇಲ್ಲಿ ಒಬ್ಬರು ಹಿರಿಯರು, ಬೆಂಗಳೂರಿಂದ ಮಗಳ ಮನೆಗೆ ಬಂದಿರೋರು, ಕೈ ಎತ್ತಿ ಕೇಳಿದ್ರು: "ಅಲ್ಲಪ್ಪ, ನಮ್ಮ ಮೆಜೆಸ್ಟಿಕ್ ಯಾಕೆ ಹೀಗೆ ಉಳೀಲಿಲ್ಲ?" ಹಾಲ್ ಒಂದು ಕ್ಷಣ ಸುಮ್ಮನಾಯ್ತು. ನಾನು ಹೇಳಿದ್ದು ಇಷ್ಟು: ಸಾರ್, ಮೆಜೆಸ್ಟಿಕ್ ಅನ್ನೋ ಥಿಯೇಟರ್ ಹೋದ್ಮೇಲೂ ಊರಿಗೆ ಊರೇ ಬಸ್ ಸ್ಟ್ಯಾಂಡಿಗೆ ಆ ಹೆಸರಿಟ್ಕೊಂಡು ಕೂಗ್ತಾ ಇದೆ, ಅಂದ್ರೆ ಜನಕ್ಕೆ ಪ್ರೀತಿ ಇರಲಿಲ್ಲ ಅಂತ ಅಲ್ಲ. ಗಾಂಧಿನಗರದ ಕಪಾಲಿ ಕೆಡವ್ತಿದಾರೆ ಅಂತ ಗೊತ್ತಾದಾಗ ನನ್ನ ತಮ್ಮ ಅಲ್ಲಿಂದ ಫೋನ್ ಮಾಡಿ ಅತ್ತಿದ್ದ. ಪ್ರೀತಿ ಇತ್ತು, ಆದ್ರೆ ಪ್ರೀತಿ ಎಲ್ಲಾ ಪರದೆ ಮೇಲಿತ್ತು, ಗೋಡೆ ಮೇಲಿರಲಿಲ್ಲ, ಮತ್ತೆ ಕಟ್ಟಡದೊಳಗೆ ರಾತ್ರಿ ಹೊತ್ತು ಟಾರ್ಚ್ ಹಿಡಿದು ಹೋಗೋ ಒಬ್ಬ ಮನುಷ್ಯನಿಗೆ ನಾವು ಬಾಗಿಲು ತೆಗೆದು ಕೊಡಲಿಲ್ಲ. ಮೈಸೂರಲ್ಲಿ, ಹುಬ್ಬಳ್ಳಿಯಲ್ಲಿ, ದಾವಣಗೆರೆಯಲ್ಲಿ ಇನ್ನೂ ಹಳೇ ಥಿಯೇಟರುಗಳಿವೆ ಅಲ್ವಾ ಅಂತ ಅವರೇ ಅಂದ್ರು. ಇವೆ ಸಾರ್ ಅಂದೆ.

ಮತ್ತೆ ಪ್ಯಾಟನ್ ಕಥೆ ಸ್ವಲ್ಪ ಉಳಿದಿದೆ. 1979ರಲ್ಲಿ ಥಿಯೇಟರಿನೊಳಗೇ, ಹಳೇ ಶ್ರೈನರ್ಸ್ ಆಫೀಸ್ ಇದ್ದ ಜಾಗದಲ್ಲಿ, ಅವರಿಗೆ ಬದುಕಿರೋ ತನಕ ಇರೋ ಹಾಗೆ ಮನೆ ಮಾಡ್ಕೊಳೋಕೆ ಒಪ್ಪಂದ ಆಯ್ತು. ಅಲ್ಲೇ ಇದ್ರು, ಹಗಲು ರಾತ್ರಿ. ಜನ ಅವರನ್ನ ಫಾಕ್ಸಿನ ಫ್ಯಾಂಟಮ್ ಅಂತ ಕರೀತಿದ್ರು, ಅಂದ್ರೆ ಆ ಕಟ್ಟಡದ ಭೂತ ಅಂತ, ನನಗೆ ಕೇಳಿದ್ರೆ ನಮ್ಮ ತುಳುನಾಡಿನ ಕಡೆ ಜಾಗ ಕಾಯೋದಕ್ಕೆ ಭೂತ ಅಂತಾರಲ್ಲ, ಆ ಅರ್ಥದಲ್ಲಿ ತಗೋಬೇಕು. 1996ರ ಏಪ್ರಿಲ್ 15ರ ಬೆಳಗಿನ ಜಾವ ಕಟ್ಟಡದ ಒಂದು ಭಾಗಕ್ಕೆ ಬೆಂಕಿ ಬಿತ್ತು, ಆಗ ಒಳಗಿದ್ದ ಮನುಷ್ಯ ಅವರೇ, ಬೆಂಕಿ ಆರಿಸೋಕೆ ಬಂದೋರಿಗೆ ದಾರಿ ತೋರಿಸಿದ್ದೂ ಅವರೇ, ಸಭಾಂಗಣ ಉಳೀತು. ಆಮೇಲೆ 2010ರ ಸುಮಾರಿಗೆ ಆ ಮನೆಯ ಒಪ್ಪಂದದ ವಿಚಾರದಲ್ಲೇ ಥಿಯೇಟರ್ ಮಂಡಳಿಗೂ ಅವರಿಗೂ ಜಟಾಪಟಿ ಆಗಿ, ಕೋರ್ಟಿನ ತನಕ ಹೋಗಿ, ಕೊನೆಗೆ ರಾಜಿ ಆಯ್ತು. ಆ ವಯಸ್ಸಲ್ಲಿ ಅವರಿಗೆ ಅದು ಬರಬಾರದಿತ್ತು ಅಂತ ನನಗೆ ಇವತ್ತಿಗೂ ಅನ್ಸತ್ತೆ. 2016ರಲ್ಲಿ ತೀರ್ಕೊಂಡ್ರು, 89 ವರ್ಷ.

ಬೇಸಿಗೆಯಲ್ಲಿ ಫಾಕ್ಸ್‌ನಲ್ಲಿ ಸಿನಿಮಾ ಸರಣಿ ನಡೆಯತ್ತೆ, ಸಿನಿಮಾಕ್ಕೆ ಮುಂಚೆ ಆರ್ಗನ್ ಜೊತೆ ಎಲ್ಲರೂ ಹಾಡೋದು ಅಲ್ಲಿನ ಸಂಪ್ರದಾಯ. ನಾನು ಮಗಳನ್ನ ಕರ್ಕೊಂಡು ಹೋಗಿದ್ದೆ, ಆಗ ಅವಳಿಗೆ ಎಂಟು ವರ್ಷ. ದೀಪ ಕಮ್ಮಿ ಆಯ್ತು, ತಗ್ಗಿನಿಂದ ಕನ್ಸೋಲ್ ನಿಧಾನಕ್ಕೆ ಎದ್ದು ಬಂತು, ನುಡಿಸೋರ ಬೆನ್ನು ನಮ್ಮ ಕಡೆ, ಮೊದಲು ಬಂದಿದ್ದು ದನಿ ಅಲ್ಲ, ನಡುಕ, ಸೀಟಿನ ಕೈ ನಡುಗ್ತು, ಎದೆಗೂಡು ನಡುಗ್ತು, ಆ ದೊಡ್ಡ ಕೊಳಲು ಅಷ್ಟು ತಗ್ಗಿನ ಸ್ವರ ಊದಿದ್ರೆ ಕಿವಿಗಿಂತ ಮೊದಲು ಮೈಗೆ ತಿಳಿಯತ್ತೆ. ಮಗಳು ನನ್ನ ತೋಳು ಹಿಡ್ಕೊಂಡು "ಅಪ್ಪಾ, ಎಲ್ಲಿಂದ ಬರ್ತಿದೆ ಇದು?" ಅಂದಳು. ಗೋಡೆಯಿಂದ ಕಂದಾ ಅಂದೆ. ಅವಳು ಸಿನಿಮಾ ಮುಗಿಯೋ ತನಕ ಪರದೆಗಿಂತ ಜಾಸ್ತಿ ಗೋಡೆ ನೋಡ್ತಿದ್ದಳು.

ಕೊನೇಗೆ ಒಬ್ಬ ಹುಡುಗ, ಹೈಸ್ಕೂಲಿರಬೇಕು, ಪ್ರಶ್ನೆ ಕೇಳಿದ. ಅಷ್ಟು ಸಾವಿರ ಪೈಪನ್ನ ಶ್ರುತಿ ಮಾಡೋದು ಹೇಗೆ ಅಂಕಲ್, ಕಂಪ್ಯೂಟರ್ ಇದ್ಯಾ? ಮಾಪಕ ಇಟ್ಕೊಳ್ತಾರೆ ಮರಿ, ಆದ್ರೆ ಕೆಲಸ ಕೈ ಮತ್ತು ಕಿವಿದೇ. ಆರ್ಗನ್ ಶ್ರುತಿ ಮಾಡೋಕೆ ಇಬ್ಬರು ಬೇಕು. ಬಿಸಿಲು ಚಳಿಗೆ ಕೊಳಲಿನ ಸ್ವರ ಏರಿಳಿಯತ್ತೆ, ಹಾಗಾಗಿ ಒಳಗಿನ ತಾಪಮಾನ ಆಟದ ದಿನ ಇರೋ ಅಷ್ಟೇ ಇಟ್ಕೊಂಡು ಶುರು ಮಾಡ್ತಾರೆ. ಒಬ್ಬರು ಗೋಡೆ ಹಿಂದಿನ ಕೋಣೆಯಲ್ಲಿ ಕೊಳಲುಗಳ ಮಧ್ಯೆ ಹಲಗೆ ಮೇಲೆ ನಿಂತಿರ್ತಾರೆ, ಕೈಯಲ್ಲಿ ಒಂದು ಸಣ್ಣ ಸಲಕರಣೆ, ಕೊಳಲಿನ ತುದಿಯ ತಗಡನ್ನೋ ತಂತಿಯನ್ನೋ ಒಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡೋಕೆ, ಮೈ ಶಾಖಕ್ಕೂ ಸ್ವರ ಬದಲಾಗತ್ತೆ ಅಂತ ಕೊಳಲನ್ನ ಬರೀ ಕೈಯಲ್ಲಿ ಹೆಚ್ಚು ಹೊತ್ತು ಹಿಡಿಯಲ್ಲ. ಇನ್ನೊಬ್ಬರು ಹೊರಗೆ ಕನ್ಸೋಲಲ್ಲಿ ಕೂತು ಒಂದೇ ಒಂದು ಕೀಲಿ ಒತ್ತಿ ಹಿಡ್ಕೊಂಡಿರ್ತಾರೆ, ಮುಂದೆ ನಾಲ್ಕು ಸಾವಿರದ ಮೇಲೆ ಖಾಲಿ ಸೀಟು. ಒಂದೇ ಸ್ವರ, ಬಿಡದೇ. ಆ ಸ್ವರದ ಎರಡು ಸಾಲಿನ ಕೊಳಲುಗಳ ದನಿ ಒಂದಕ್ಕೊಂದು ತಾಕಿ ವೂಂ ವೂಂ ವೂಂ ಅಂತ ಅಲೆ ಏಳತ್ತೆ, ಒಳಗಿನೋರು ತಗಡನ್ನ ತಟ್ತಾ ತಟ್ತಾ ಅಲೆ ನಿಧಾನ ಆಗತ್ತೆ, ವೂಂ, ವೂಂ, ಆಮೇಲೆ ನಿಂತು ನೇರ ಗೆರೆ ಆಗತ್ತೆ. ಆಗ ಗೋಡೆ ಹಿಂದಿನಿಂದ ಒಂದು ಕೂಗು ಬರತ್ತೆ, ಮುಂದಿನದು ಅಂತ. ಹೊರಗಿನೋರು ಪಕ್ಕದ ಕೀಲಿಗೆ ಬೆರಳಿಡ್ತಾರೆ.